ಹನ್ನೊಂದು ಸಲ ‘ನಂಬಿಕಸ್ಥ’

ಪ್ರಿಯ ಬರಹಗಾರರೇ,

‘ಯಾರ ರೈಫಲ್ ಮೇಲು?’ ಎಂಬ ನಿಮ್ಮ ಲೇಖನ ತಲುಪಿತು. ಸಕಲೇಶಪುರದ ಕಡೆಯ ನಿಮ್ಮ ದೊಡ್ಡಪ್ಪ, ಅವರ ಪಕ್ಕದ ಕಾಫಿ ತೋಟದ ಹಿರಿಯರು, ಇಲ್ಲಿ ಬೆಂಗಳೂರಿನ ರೇಂಜಿನಲ್ಲಿ ನಿಮಗೆ ಸಿಕ್ಕ ಮೂವರು ಶೂಟರ್‌ಗಳು, ಹೀಗೆ ಐದು ಜನ ಬೇಟೆ ರೈಫಲ್‌ಗಳ ಬಗ್ಗೆ ಆಡಿದ ಮಾತುಗಳನ್ನು ಕೂಡಿಸಿ ಹದಿನಾಲ್ಕು ಪುಟ ಬರೆದಿದ್ದೀರಿ. ಭಾಷೆ ಹದವಾಗಿದೆ. ದೊಡ್ಡಪ್ಪನ ಮಾತು ಕಿವಿಗೆ ಬಿದ್ದಂತೆಯೇ ಬಂದಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಹಿರಿಯರ ಶಿಕಾರಿ ನಿಂತಿತೆಂದು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋದದ್ದೂ ಸರಿ. ಆದರೆ ಈಗಿರುವ ರೂಪದಲ್ಲಿ ಇದನ್ನು ನಾನು ಅಚ್ಚಿಗೆ ಕೊಡಲಾರೆ.

‘ನಂಬಿಕಸ್ಥ’ ಎಂಬ ಪದ ನಿಮ್ಮ ಲೇಖನದಲ್ಲಿ ಹನ್ನೊಂದು ಸಲ ಬಂದಿದೆ. ಪೆನ್ಸಿಲಿನಲ್ಲಿ ಸುತ್ತು ಹಾಕಿ ಎಣಿಸಿದ್ದೇನೆ. ಎರಡನೆಯ ಪುಟದಲ್ಲಿ ‘ಮೌಸರ್ ನಂಬಿಕಸ್ಥ ಕೋವಿ’ ಎಂದಿದೆ. ಅಲ್ಲಿ ದೊಡ್ಡಪ್ಪ ಹೇಳುತ್ತಿರುವುದು ಹಾರಿದ ತೋಟೆ ಒಳಗೇ ಕಚ್ಚಿಕೊಳ್ಳದೆ ಹೊರಗೆ ಬರುತ್ತದೆ ಎಂದು. ಐದನೆಯ ಪುಟದ ಶೂಟರ್‌ಗೆ ಅದೇ ಪದದ ಅರ್ಥ ಬೇರೆ: ಗುರಿ ಇಟ್ಟಲ್ಲಿ ಗುಂಡು ಬೀಳುತ್ತದೆ. ಎಂಟನೆಯ ಪುಟದಲ್ಲಿ ಮಳೆಗಾಲ ಕಳೆದರೂ ಗುರಿ ಕದಲಲಿಲ್ಲ ಎಂಬ ಅರ್ಥ. ಹನ್ನೊಂದನೆಯ ಪುಟದಲ್ಲಿ ನಲವತ್ತು ವರ್ಷದಿಂದ ಯಾವ ಭಾಗವೂ ಮುರಿದಿಲ್ಲ ಎಂಬ ಅರ್ಥ.

ಇವು ನಾಲ್ಕು ಬೇರೆ ಬೇರೆ ಗುಣ. ಒಂದಿದ್ದ ಕೋವಿಯಲ್ಲಿ ಇನ್ನೊಂದು ಇರಲೇಬೇಕೆಂದಿಲ್ಲ. ಎಷ್ಟೋ ಸಲ ಒಂದನ್ನು ಪಡೆಯಲು ಇನ್ನೊಂದನ್ನು ಬಿಡಬೇಕಾಗುತ್ತದೆ. ಗುರಿಪಂದ್ಯಕ್ಕೆಂದು ಚೇಂಬರನ್ನು (ನಳಿಗೆಯ ಹಿಂತುದಿಯಲ್ಲಿ ತೋಟೆ ಕೂರುವ ಗೂಡು) ಬಿಗಿಯಾಗಿ ಕೊರೆದ ರೈಫಲ್ ಗುಂಡನ್ನು ಒಂದೇ ಕಡೆ ಕೂರಿಸುತ್ತದೆ, ಆದರೆ ಕೆಸರು ಮೆತ್ತಿದ ತೋಟೆಯನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಸೇನೆಯ ಅಳತೆಯಲ್ಲಿ ಸಡಿಲವಾಗಿ ಕೊರೆದ ಚೇಂಬರು ಕೊಳೆಯಾದ ತೋಟೆಯನ್ನೂ ನುಂಗಿ ಉಗುಳುತ್ತದೆ, ಆದರೆ ಗುಂಡುಗಳು ಅಷ್ಟು ಒತ್ತಾಗಿ ಬೀಳುವುದಿಲ್ಲ. ನಿಮ್ಮ ಐವರು ಉತ್ತರ ಕೊಟ್ಟಿರುವುದು ಬೇರೆ ಬೇರೆ ಪ್ರಶ್ನೆಗಳಿಗೆ. ನೀವು ಅದನ್ನು ‘ಭಿನ್ನಾಭಿಪ್ರಾಯ’ ಎಂದು ಕರೆದು ನಡುವೆ ನಿಂತುಬಿಟ್ಟಿದ್ದೀರಿ.

ಇದರ ದೊಡ್ಡ ನಷ್ಟ ಆಗಿರುವುದು ಮೂರನೆಯ ಪುಟದಲ್ಲಿ. ‘ದೊಡ್ಡಪ್ಪನಿಗೆ ಜರ್ಮನಿಯ ಮೌಸರ್ ಬಿಟ್ಟರೆ ಬೇರೆ ಕೋವಿಯೇ ಇಲ್ಲ, ನೆರೆಯವರಿಗೆ ಇಂಗ್ಲೆಂಡಿನ ರಿಗ್ಬಿಯ ಮುಂದೆ ಮೌಸರ್ ಯಾವ ಲೆಕ್ಕ. ಐವತ್ತು ವರ್ಷದಿಂದ ಈ ಜಗಳ ಮುಗಿದಿಲ್ಲ’ ಎಂದು ಬರೆದಿದ್ದೀರಿ. ನೆರೆಯವರದು .275 ರಿಗ್ಬಿ ಎಂದೂ ನೀವೇ ದಾಖಲಿಸಿದ್ದೀರಿ. ಆ ರಿಗ್ಬಿಯನ್ನು ಕಟ್ಟಿದ್ದೇ ಮೌಸರ್‌ನ ಬೋಲ್ಟ್ (ತೋಟೆಯನ್ನು ಚೇಂಬರಿಗೆ ತಳ್ಳಿ ಮುಚ್ಚುವ ಉಕ್ಕಿನ ಸರಳು) ಮತ್ತು ರಿಸೀವರ್ (ಆ ಸರಳು ಓಡಾಡುವ ಚೌಕಟ್ಟು) ಮೇಲೆ. ಅದರ ತೋಟೆ ಕೂಡ ಮೌಸರ್‌ನ 7×57, ಇಂಗ್ಲಿಷ್ ಗಿರಾಕಿಗಳಿಗಾಗಿ .275 ಎಂದು ಹೆಸರು ಬದಲಾಯಿಸಿದ್ದು ಅಷ್ಟೆ. ಇಬ್ಬರು ಹಿರಿಯರು ಒಂದೇ ಯಂತ್ರದ ಪರವಾಗಿ ಅರ್ಧ ಶತಮಾನ ವಾದ ಮಾಡಿದ್ದಾರೆ! ಇಡೀ ಲೇಖನದ ಜೀವ ಅಲ್ಲಿತ್ತು. ನೀವು ಅದನ್ನು ಮುಟ್ಟದೆ ದಾಟಿಹೋಗಿದ್ದೀರಿ. ನನಗೆ ನಿಜವಾಗಿ ಬೇಸರವಾದದ್ದು ಈ ಜಾಗದಲ್ಲಿ.

ಬೋಲ್ಟ್ ತೆಗೆದು ನೋಡಿದ್ದರೆ ತಿಳಿಯುತ್ತಿತ್ತು. 1898ರ ಮೌಸರ್ ಮಾದರಿಯಲ್ಲಿ ಬೋಲ್ಟಿನ ಮುಂಭಾಗದಲ್ಲಿ ಎರಡು ದಪ್ಪ ಬೀಗದ ಗಟ್ಟಿಗಳು, ಅವು ಸೋತರೆ ಹಿಡಿಯಲೆಂದು ಹಿಂದೆ ಮೂರನೆಯದು. ಬೋಲ್ಟಿನ ಪಕ್ಕದಲ್ಲಿ ಉದ್ದನೆಯ ಉಕ್ಕಿನ ಪಟ್ಟಿಯಂತೆ ಎಕ್ಸ್‌ಟ್ರ್ಯಾಕ್ಟರ್, ಅಂದರೆ ತೋಟೆಯನ್ನು ಹೊರಗೆಳೆಯುವ ಕೊಕ್ಕೆ. ಬೋಲ್ಟ್ ತಿರುಗಿದರೂ ಅದು ತಿರುಗುವುದಿಲ್ಲ. ತೋಟೆ ಮ್ಯಾಗಜೀನಿನಿಂದ (ಕೋವಿಯೊಳಗೆ ತೋಟೆ ತುಂಬಿಡುವ ಗೂಡು) ಮೇಲೆದ್ದ ಕೂಡಲೇ ಅದರ ಕೊಕ್ಕೆ ತೋಟೆಯ ಬುಡವನ್ನು ಹಿಡಿದುಕೊಳ್ಳುತ್ತದೆ, ಹೊರಗೆ ಎಸೆಯುವವರೆಗೆ ಬಿಡುವುದಿಲ್ಲ. ಅರ್ಧ ತಳ್ಳಿ ಗಾಬರಿಯಲ್ಲಿ ಹಿಂದೆಳೆದರೂ ಅದೇ ತೋಟೆ ಹಿಂದೆ ಬರುತ್ತದೆ; ಇನ್ನೊಂದು ಬಂದು ಅದರ ಬೆನ್ನಿಗೆ ಗುದ್ದುವುದಿಲ್ಲ. ದೊಡ್ಡಪ್ಪನ ‘ನಂಬಿಕಸ್ಥ’ ಎಂದರೆ ಇದು. ಇದಕ್ಕೊಂದು ಮಿತಿಯೂ ಇದೆ: ಒಂಟಿ ತೋಟೆಯನ್ನು ಕೈಯಿಂದ ನೇರ ಚೇಂಬರಿಗೆ ಹಾಕಿ ಬೋಲ್ಟನ್ನು ಬಡಿದು ಮುಚ್ಚಿದರೆ ಆ ಕೊಕ್ಕೆ ತೋಟೆಯ ಅಂಚನ್ನು ಹತ್ತಿ ಇಳಿಯಬೇಕಾಗುತ್ತದೆ. ಹಾಗೆ ಮಾಡುತ್ತಾ ಹೋದರೆ ಕೊಕ್ಕೆಯ ತುದಿ ಚಕ್ಕೆ ಏಳುತ್ತದೆ. ತೋಟೆ ಯಾವಾಗಲೂ ಮ್ಯಾಗಜೀನಿನಿಂದಲೇ ಬರಬೇಕು. ಈ ಎರಡು ವಾಕ್ಯ ನಿಮ್ಮ ಲೇಖನದಲ್ಲಿ ಇದ್ದಿದ್ದರೆ ನಿಮ್ಮ ಓದುಗರಿಗೆ ಹಿರಿಯರ ಮಾತನ್ನು ತೂಗಿ ನೋಡಲು ತಕ್ಕಡಿ ಸಿಗುತ್ತಿತ್ತು.

ಇನ್ನೊಂದು ಮಾತು. ‘ಜರ್ಮನಿಯ’ ಎಂದಿದ್ದೀರಿ. ಅದೇ ಮಾದರಿಯನ್ನು ಚೆಕ್ ನಾಡಿನ ಬ್ರನೋದಲ್ಲಿ, ಬೆಲ್ಜಿಯಮ್ಮಿನ ಹೆರ್ಸ್ಟಾಲಿನಲ್ಲಿ ಕೂಡ ಮಾಡಿದ್ದಾರೆ. ರಿಸೀವರ್ ಮೇಲಿನ ಮುದ್ರೆ ಓದದೆ ದೇಶದ ಹೆಸರು ಬರೆಯಬೇಡಿ. ಅಮೆರಿಕದ ವಿಂಚೆಸ್ಟರ್ 70 ರೈಫಲಿನ ಬಗ್ಗೆಯೂ ಇದೇ ತಪ್ಪು. ‘ಕೆಲವರು ಹೊಗಳುತ್ತಾರೆ, ಕೆಲವರು ತೆಗಳುತ್ತಾರೆ’ ಎಂದು ಬಿಟ್ಟಿದ್ದೀರಿ. ಅದು 1936ರಲ್ಲಿ ಬಂದಾಗ ಮೌಸರ್ ಬಗೆಯ ಉದ್ದ ಕೊಕ್ಕೆ ಇತ್ತು. 1964ರಲ್ಲಿ ಖರ್ಚು ಇಳಿಸಲೆಂದು ಅದನ್ನು ತೆಗೆದು, ಬೋಲ್ಟ್ ಮುಖದಲ್ಲಿ ಚಿಕ್ಕ ಕೊಕ್ಕೆ ಕೂರಿಸಿ, ತೋಟೆಯನ್ನು ಬರೀ ಮುಂದೆ ತಳ್ಳುವಂತೆ ಮಾಡಿದರು. 1990ರ ದಶಕದಲ್ಲಿ ಹಳೆಯ ಬಗೆ ಮರಳಿ ಬಂತು. ಹೊಗಳುವವರ ಕೈಲಿ ಯಾವ ವರ್ಷದ್ದಿದೆ, ತೆಗಳುವವರ ಕೈಲಿ ಯಾವ ವರ್ಷದ್ದಿದೆ ಎಂದು ಕೇಳಿದ್ದರೆ ಅರ್ಧ ಜಗಳ ಅಲ್ಲೇ ಬಗೆಹರಿಯುತ್ತಿತ್ತು.

ಈಗ .315 ರೈಫಲ್ ಕುರಿತ ಒಂಬತ್ತನೆಯ ಪುಟ. ಸಾಲು ಸಾಲಾಗಿ ನೋಡೋಣ.

‘.315 ಎಂದರೆ ಹಳೇ ತ್ರೀ ನಾಟ್ ತ್ರೀಯೇ.’ ಅಲ್ಲ. ಇಶಾಪುರದ ಸರ್ಕಾರಿ ಕೋವಿ ಕಾರ್ಖಾನೆಯ .315ರ ಬೋಲ್ಟ್ ಬ್ರಿಟಿಷ್ ಸೇನೆಯ ಲೀ-ಎನ್‌ಫೀಲ್ಡ್ ವಂಶದ್ದು, ಅಷ್ಟು ಮಾತ್ರ ನಿಜ. ಸೇನೆಯ .303 ತೋಟೆ ನಾಗರಿಕರಿಗೆ ನಿಷಿದ್ಧವಾದ್ದರಿಂದ 8 ಮಿ.ಮೀ. ಮಾನ್‌ಲಿಷರ್ ತೋಟೆಗೆ ನಳಿಗೆ ಕೊರೆದರು. ಒಂದರ ತೋಟೆ ಇನ್ನೊಂದಕ್ಕೆ ಸಲ್ಲದು. ಇಂಥ ಸಾಲು ಅಚ್ಚಾದರೆ ಯಾರಾದರೂ ನಂಬಿ ಪ್ರಯತ್ನಿಸಿಯಾರು ಎಂಬ ಭಯ ನನಗೆ.

‘ಎರಡು ಸಲ ಈಡು ಹಾರಲಿಲ್ಲ. ನಮ್ಮ ಕಾರ್ಖಾನೆಯ ಮಾಲೇ ಹೀಗೆ.’ ಹಾರದ ಆ ತೋಟೆ ಎಲ್ಲಿದೆ? ಅದನ್ನು ನೋಡದೆ ತೀರ್ಪು ಹೇಗೆ ಬರೆದಿರಿ? ಈಡು ಹಾರದಿದ್ದರೆ ನಳಿಗೆಯನ್ನು ಗುರಿದಿಬ್ಬದ ಕಡೆಗೇ ಹಿಡಿದು ಕನಿಷ್ಠ ಅರ್ಧ ನಿಮಿಷ ಕಾಯಬೇಕು, ಏಕೆಂದರೆ ಕೆಲವು ತಡವಾಗಿ ಹಾರುತ್ತವೆ. ಆಮೇಲೆ ಬೋಲ್ಟ್ ತೆಗೆದು ತೋಟೆಯ ಬುಡದ ಕೇಪಿನ (ಮದ್ದಿಗೆ ಕಿಡಿ ಕೊಡುವ ಭಾಗ) ಮೇಲೆ ಕೋವಿಯ ಪಿನ್ನು ಹೊಡೆದ ಗುಳಿ ನೋಡಬೇಕು. ಗುಳಿ ಆಳವಾಗಿದ್ದರೆ ಕೋವಿ ತನ್ನ ಕೆಲಸ ಮಾಡಿದೆ, ತಪ್ಪು ತೋಟೆಯದು. ಅಟ್ಟದ ಮೇಲೆ ಮಲೆನಾಡಿನ ಹತ್ತು ಮಳೆ ಕಂಡ ತೋಟೆ ಕೈಕೊಟ್ಟರೆ ಆಶ್ಚರ್ಯವಿಲ್ಲ. ಗುಳಿ ಬರೀ ಉಗುರಿನ ಗುರುತಿನಷ್ಟಿದ್ದರೆ ಕೋವಿಯನ್ನು ಅನುಮಾನಿಸಿ: ಫೈರಿಂಗ್ ಪಿನ್ನಿನ ಸ್ಪ್ರಿಂಗ್ ಸೋತಿರಬಹುದು, ಪಿನ್ನಿನ ತುದಿ ಸವೆದಿರಬಹುದು. ಅದಕ್ಕಿಂತ ಹೆಚ್ಚಾಗಿ ಕಾಣುವುದು, ಬೋಲ್ಟಿನ ಒಳಗೆ ವರ್ಷಗಟ್ಟಲೆ ಸುರಿದ ಎಣ್ಣೆ ಗಟ್ಟಿಯಾಗಿ ಮೇಣದಂತೆ ಕೂತು ಪಿನ್ನಿನ ಓಟವನ್ನು ತಡೆದಿರುವುದು. ಬೋಲ್ಟ್ ಬಿಚ್ಚಿ, ಒಳಗೆ ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ತೆಳುವಾಗಿ ಒಂದು ಹನಿ ಎಣ್ಣೆ ಸವರಿದರೆ ಎಷ್ಟೋ ‘ಕಳಪೆ’ ಕೋವಿಗಳು ಸರಿಹೋಗುತ್ತವೆ.

‘ಮೂರನೆಯ ಸಲ ತೋಟೆಗಳು ಒಂದಕ್ಕೊಂದು ಸಿಕ್ಕಿಕೊಂಡವು.’ .315ರ ತೋಟೆಗೆ ಬುಡದಲ್ಲಿ ಹೊರಚಾಚಿದ ಅಂಚು ಇದೆ. ಮ್ಯಾಗಜೀನಿಗೆ ತುಂಬುವಾಗ ಮೇಲಿನ ತೋಟೆಯ ಅಂಚು ಕೆಳಗಿನದರ ಅಂಚಿಗಿಂತ ಮುಂದೆ ಕೂರಬೇಕು. ಹಿಂದೆ ಕೂತರೆ ಬೋಲ್ಟ್ ಮೇಲಿನದನ್ನು ತಳ್ಳುವಾಗ ಅದು ಕೆಳಗಿನದನ್ನೂ ಎಳೆದುಕೊಂಡು ಹೋಗಿ ಕಚ್ಚಿಕೊಳ್ಳುತ್ತದೆ. ಇದು ತುಂಬಿದವರ ಕೈತಪ್ಪು. ಸರಿಯಾಗಿ ತುಂಬಿಯೂ ಮತ್ತೆ ಸಿಕ್ಕಿಕೊಂಡರೆ ಆಗ ಮ್ಯಾಗಜೀನಿನ ತುಟಿ ಬಾಗಿದೆಯೇ ನೋಡಬೇಕು. .30-06 ಎಂಬ ಇನ್ನೊಂದು ಬಗೆಯ ತೋಟೆಗೆ ಹೊರಚಾಚಿದ ಅಂಚಿಲ್ಲ, ಈ ತೊಂದರೆಯೂ ಇಲ್ಲ. ಹಾಗೆಂದು ಬರೆದಿದ್ದರೆ ಅದು ಎರಡು ಬಗೆಯ ಕೋವಿಗಳ ನಡುವಿನ ನಿಜವಾದ ವ್ಯತ್ಯಾಸವಾಗುತ್ತಿತ್ತು.

‘ಬೇಸಿಗೆಯಲ್ಲಿ ನೆಟ್ಟಗಿದ್ದ ಗುರಿ ಜುಲೈನಲ್ಲಿ ಒಂದು ಗೇಣು ತಪ್ಪಿತು.’ ನೀವೇ ತಿಂಗಳು ಬರೆದಿದ್ದೀರಿ, ಆದರೂ ಕಾರಣ ಕಾಣಲಿಲ್ಲ. ಮಳೆಗಾಲದಲ್ಲಿ ಕೋವಿಯ ಮರದ ಭಾಗ ನೀರು ಕುಡಿದು ಉಬ್ಬಿ ನಳಿಗೆಯನ್ನು ಒಂದು ಪಕ್ಕಕ್ಕೆ ಒತ್ತುತ್ತದೆ. ಕೋವಿ ಖಾಲಿ ಇದೆಯೆಂದು ಎರಡು ಸಲ ಖಚಿತ ಮಾಡಿಕೊಂಡು, ಒಂದು ರೂಪಾಯಿ ನೋಟಿನಂಥ ತೆಳು ಕಾಗದವನ್ನು ನಳಿಗೆಗೂ ಮರಕ್ಕೂ ನಡುವೆ ಸೇರಿಸಿ ಹಿಂದಕ್ಕೆ ಎಳೆಯಬೇಕು. ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಮರ ತಾಗುತ್ತಿದೆ. ಕೆಲವು ರೈಫಲ್‌ಗಳಲ್ಲಿ ಮರದ ತುದಿಯಲ್ಲಿ ಬೇಕೆಂದೇ ಒತ್ತಡ ಕೊಟ್ಟಿರುತ್ತಾರೆ, ಅಲ್ಲಿ ಸಿಕ್ಕಿದರೆ ದೋಷವಲ್ಲ. ನಡುವೆ ಒಂದೇ ಪಕ್ಕದಲ್ಲಿ ಸಿಕ್ಕಿದರೆ ದೋಷ. ಆಮೇಲೆ ರಿಸೀವರನ್ನು ಮರಕ್ಕೆ ಬಿಗಿದ ಸ್ಕ್ರೂಗಳು, ಆಮೇಲೆ ಸ್ಕೋಪಿನ ಬಳೆಗಳ ಸ್ಕ್ರೂಗಳು. ಈ ಮೂರನ್ನು ನೋಡುವ ಮೊದಲು ಯಾವ ಕಾರ್ಖಾನೆಯನ್ನೂ ಬೈಯಬಾರದು. ನಳಿಗೆಯಲ್ಲಿ ಎಣ್ಣೆ ಉಳಿದಿದ್ದರೂ ಮೊದಲ ಗುಂಡು ಬೇರೆ ಕಡೆ ಹೋಗುತ್ತದೆ. ಒಣ ಬಟ್ಟೆ ಹಾಯಿಸಿದ ಮೇಲೆ ಹೊಡೆದು ನೋಡಬೇಕು.

ಪತ್ರಿಕೆಯಲ್ಲಿ ಕೆಲಸ ಕಲಿಯುವಾಗ ನನ್ನ ಪ್ರತಿಗಳನ್ನು ತಿದ್ದುತ್ತಿದ್ದ ಹಿರಿಯರು ಗುಣವಾಚಕ ಕಂಡಲ್ಲೆಲ್ಲ ಅಂಚಿನಲ್ಲಿ ಎರಡೇ ಪದ ಬರೆಯುತ್ತಿದ್ದರು: ‘ಹೇಗೆ ಗೊತ್ತು?’ ಉತ್ತರ ಬರೆಯಲಾಗದಿದ್ದರೆ ಪದ ಹೊಡೆಯಬೇಕು. ಉತ್ತರ ಸಿಕ್ಕರೆ ಆ ಉತ್ತರವನ್ನೇ ವಾಕ್ಯದಲ್ಲಿ ಇಡಬೇಕು. ಆಗಲೂ ಗುಣವಾಚಕ ಹೊರಗೆ. ಇವತ್ತಿಗೂ ನಾನು ಪ್ರತಿ ತಿದ್ದುವುದು ಹೀಗೆಯೇ. ನಿಮ್ಮ ಹನ್ನೊಂದು ಸುತ್ತುಗಳ ಪಕ್ಕದಲ್ಲಿ ಅದೇ ಪ್ರಶ್ನೆ ಬರೆದು ಪ್ರತಿ ಹಿಂದಿರುಗಿಸುತ್ತಿದ್ದೇನೆ.

ಆ ಪ್ರಶ್ನೆಯನ್ನು ಹನ್ನೆರಡನೆಯ ಪುಟಕ್ಕೂ ಕೇಳಿ. ‘100 ಮೀಟರಿನಲ್ಲಿ ಮೂರು ಗುಂಡು ಹತ್ತು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ. ಇದಕ್ಕಿಂತ ಪುರಾವೆ ಬೇಕೆ?’ ಬೇಕು. ನಾಣ್ಯದ ವ್ಯಾಸ 27 ಮಿ.ಮೀ. ಮೂರು ಗುಂಡು ಒತ್ತಾಗಿ ಬೀಳುವುದರಲ್ಲಿ ಅದೃಷ್ಟದ ಪಾಲು ದೊಡ್ಡದು. ಅದೇ ಕೋವಿ, ಅದೇ ತೋಟೆ, ಅದೇ ಕೈ ಇಟ್ಟುಕೊಂಡು ಹತ್ತು ಗುಂಡು ಹೊಡೆದರೆ ಹರವು ಸರಾಸರಿ ಒಂದೂವರೆ ಪಟ್ಟಿಗಿಂತ ಸ್ವಲ್ಪ ಹೆಚ್ಚಾಗುತ್ತದೆ, ಅಂದರೆ ಸುಮಾರು 43 ಮಿ.ಮೀ. ಕೋವಿ ಕೆಟ್ಟಿತೆಂದಲ್ಲ, ಮೂರು ಗುಂಡು ಅದರ ಪೂರ್ತಿ ಹರವನ್ನು ತೋರಿಸಿರಲಿಲ್ಲ. ಆ ಶೂಟರ್ ಅಂದು ಒಟ್ಟು ಎಷ್ಟು ಗುರಿಹಲಗೆ ಹೊಡೆದರು? ನಿಮಗೆ ತೋರಿಸಿದ್ದು ಅವುಗಳಲ್ಲಿ ಎಷ್ಟನೆಯದು? ಮರಳುಚೀಲದ ಮೇಲಿಟ್ಟು ಹೊಡೆದರೇ? ಒಂದೇ ಪೆಟ್ಟಿಗೆಯ ತೋಟೆಯೇ? ದೊಡ್ಡಪ್ಪನಿಗೂ ಕೇಳಿ: ಅವರ ಅಭಿಪ್ರಾಯ ಕಟ್ಟಿದ್ದು ಒಟ್ಟು ಎಷ್ಟು ತೋಟೆಗಳ ಮೇಲೆ, ಯಾವ ಕಾಲದ ತೋಟೆಗಳ ಮೇಲೆ? ಲೈಸೆನ್ಸಿಗೆ ಸಿಕ್ಕಷ್ಟು ತೋಟೆಯಲ್ಲಿ ವರ್ಷಕ್ಕೆ ನಾಲ್ಕು ಹಾರಿಸುವವರ ‘ಎಂದೂ ಕೈಕೊಟ್ಟಿಲ್ಲ’ ಎಂಬ ಮಾತಿಗೂ ವಾರಕ್ಕೆ ನಲವತ್ತು ಹಾರಿಸುವವರ ಅದೇ ಮಾತಿಗೂ ಒಂದೇ ತೂಕ ಕೊಟ್ಟಿದ್ದೀರಿ.

ಮತ್ತೆ ಬರೆಯಿರಿ. ಹದಿನಾಲ್ಕು ಪುಟ ಬೇಡ, ಆರು ಸಾಕು. ಊರಿಗೆ ಹೋದಾಗ ಇಬ್ಬರು ಹಿರಿಯರನ್ನೂ ಒಂದೇ ಜಗಲಿಯಲ್ಲಿ ಕೂರಿಸಿ. ಎರಡೂ ಕೋವಿ ಖಾಲಿ ಮಾಡಿಸಿ, ಎರಡರ ಬೋಲ್ಟನ್ನೂ ಅವರ ಕೈಯಿಂದಲೇ ತೆಗೆಸಿ ಒಂದು ಬಿಳಿ ಬಟ್ಟೆಯ ಮೇಲೆ ಪಕ್ಕಪಕ್ಕದಲ್ಲಿ ಇಡಿಸಿ. ಆಮೇಲೆ ಅವರು ಮೊದಲು ಆಡುವ ಮಾತು ಯಾವುದೋ ಅದನ್ನು ಇದ್ದಂತೆಯೇ ಬರೆದು ನನಗೆ ಕಳಿಸಿ.

ನಿಮ್ಮ,
ಸಂಪಾದಕ
ಬೆಂಗಳೂರು