ಚೋಕ್ ಬಿಟ್ಟರೆ ನಿಲ್ಲುವ ಹುಲ್ಲಿನ ಯಂತ್ರ

ಪ್ರಶ್ನೆ: ಮನೆಯಂಗಳದ ಹುಲ್ಲು ಕತ್ತರಿಸುವ ನಮ್ಮ ಪೆಟ್ರೋಲ್ ಯಂತ್ರವನ್ನು ಬೇಸಿಗೆಯಿಡೀ ಬಳಸಿರಲಿಲ್ಲ. ಈಗ ಚೋಕ್ ಎಳೆದಾಗ ಮಾತ್ರ ಓಡುತ್ತದೆ, ಬಿಟ್ಟ ಕೂಡಲೇ ನಿಂತುಹೋಗುತ್ತದೆ. ಕಾರ್ಬುರೇಟರನ್ನೇ ಬದಲಿಸಬೇಕೆ?
– ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ಹೊಸ ಕಾರ್ಬುರೇಟರಿಗೆ ಹಣ ಹಾಕುವ ಮುನ್ನ ದಯವಿಟ್ಟು ತಾಳಿ. ಚೋಕ್ ಎಳೆದಾಗ ಗಾಳಿ ತಗ್ಗಿ ಪೆಟ್ರೋಲಿನ ಪಾಲು ಹೆಚ್ಚುತ್ತದೆ. ಆಗ ಮಾತ್ರ ಎಂಜಿನ್ ಓಡುವುದಾದರೆ, ಅದಕ್ಕೆ ಸಾಕಷ್ಟು ಇಂಧನ ತಲುಪುತ್ತಿಲ್ಲವೆಂದೇ ತಿಳಿಯಬೇಕು. ತಿಂಗಳುಗಟ್ಟಲೆ ನಿಂತ ಪೆಟ್ರೋಲ್ ಆವಿಯಾಗಿ ಅಂಟು ಉಳಿಸುತ್ತದೆ. ಜೊತೆಗೆ, ಈಗ ಬಂಕುಗಳಲ್ಲಿ ಸಿಗುವ ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್ ಗಾಳಿಯ ತೇವವನ್ನೂ ಹೀರಿಕೊಳ್ಳುತ್ತದೆ.

ಎಂಜಿನ್ ತಣ್ಣಗಾದ ಮೇಲೆ ಮೊದಲು ಸ್ಪಾರ್ಕ್ ಪ್ಲಗ್ಗಿನ ವೈರನ್ನು ಕಳಚಿಡಿ. ಬ್ಲೇಡಿರುವ ಯಂತ್ರದಲ್ಲಿ ಇದನ್ನು ಮರೆಯಲೇಬಾರದು. ಬಯಲಿನಲ್ಲಿ, ಬೆಂಕಿಯಿಂದ ದೂರವಿಟ್ಟು, ಕಾರ್ಬುರೇಟರಿಗೆ ಬರುವ ಪೈಪನ್ನು ಬಿಡಿಸಿ ಹಳೆಯ ಪೆಟ್ರೋಲನ್ನು ಡಬ್ಬಿಗೆ ಹರಿಯಬಿಡಿ. ಧಾರೆ ಕ್ಷೀಣವಾಗಿದ್ದು, ಟ್ಯಾಂಕಿನ ಮುಚ್ಚಳ ಸಡಿಲಿಸಿದೊಡನೆ ಸರಾಗವಾದರೆ, ಮುಚ್ಚಳದ ಗಾಳಿರಂಧ್ರ ಮುಚ್ಚಿದೆಯೆಂದರ್ಥ. ಆಗಲೂ ಕ್ಷೀಣವಾಗಿದ್ದರೆ ಫಿಲ್ಟರನ್ನು ನೋಡಿ.

ಧಾರೆ ಚೆನ್ನಾಗಿದ್ದರೆ ಕಾರ್ಬುರೇಟರಿನ ತಳದ ಬಟ್ಟಲನ್ನು ಬಿಚ್ಚಿ, ನೀರು, ಕೆಸರನ್ನು ಒರೆಸಿ, ಜೆಟ್ಟನ್ನು (ಪೆಟ್ರೋಲ್ ಅಳತೆಯಲ್ಲಿ ಹಾಯುವ ಸಣ್ಣ ರಂಧ್ರವಿರುವ ಬಿಡಿಭಾಗ) ಹೊರತೆಗೆದು, ರಂಧ್ರ ಕಟ್ಟಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿ. ನಿಮ್ಮ ಯಂತ್ರದ ದೋಷ ಇಲ್ಲೇ ಇರುವ ಸಾಧ್ಯತೆ ಹೆಚ್ಚು. (ಕೆಲವು ಎಂಜಿನ್ನುಗಳಲ್ಲಿ ಬಟ್ಟಲನ್ನು ಹಿಡಿದಿರುವ ಬೋಲ್ಟಿನಲ್ಲೇ ಜೆಟ್ ಇರುತ್ತದೆ.) ಸೀಮೆಎಣ್ಣೆ ಸ್ಟೌವಿನ ಪಿನ್ನಿನಿಂದ ಅದನ್ನು ಚುಚ್ಚಬೇಡಿ, ರಂಧ್ರ ಕೂದಲೆಳೆಯಷ್ಟು ಅಗಲವಾದರೂ ಪೆಟ್ರೋಲಿನ ಅಳತೆ ಶಾಶ್ವತವಾಗಿ ಕೆಡುತ್ತದೆ. ಕಾರ್ಬುರೇಟರ್ ಕ್ಲೀನರಿನಲ್ಲಿ ನೆನೆಸಿ, ಗಾಳಿ ಊದಿ, ಹೊಸ ಪೆಟ್ರೋಲ್ ಹಾಕಿ ನೋಡಿ.