ಗೋದಾಮಿನ ಕರ ನಾಲ್ಕು ವರ್ಷ ಬಾಕಿ ಇದ್ದರೆ?

ಅಣ್ಣಾರೇ, ಗಂಗಾವತಿ ಗೋದಾಮಿನ ಆಸ್ತಿ ಕರ ನಾಲ್ಕು ವರ್ಷದಿಂದ ಕಟ್ಟಿಲ್ಲ, ಭತ್ತ ಇಟ್ಟಾಗ ಬಂದು ಬೀಗ ಹಾಕ್ತಾರಾ ಅಂತ ಕೇಳಿದ್ದೀರಿ. ನಾಳೆನೇ ಹಾಕಲ್ಲ. ಮೊದಲು ಬಿಲ್, ಆಮೇಲೆ ನೋಟಿಸ್, ಅದಕ್ಕೂ ಕಟ್ಟದಿದ್ದರೆ ವಾರಂಟ್ ತಂದು ಸಾಮಾನು ಜಪ್ತಿ ಮಾಡಬಹುದು. ಆದರೆ ಬೀಗದ ಚಿಂತೆ ಆಮೇಲೆ, ಈಗ ನಿಮ್ಮನ್ನು ತಿನ್ನುತ್ತಿರೋದು ಬಡ್ಡಿ.

ನಗರಸಭೆಗೆ ಏಪ್ರಿಲ್‌ನಲ್ಲಿ ಕಟ್ಟಿದರೆ ಶೇ 5 ರಿಯಾಯಿತಿ. ಮೇ, ಜೂನ್‌ನಲ್ಲಿ ಇದ್ದಷ್ಟೇ. ಜುಲೈಯಿಂದ ತಿಂಗಳಿಗೆ ಶೇ 2 ದಂಡ. ಅಂದ್ರೆ ನಮ್ಮ ದಲ್ಲಾಳಿ ಅಂಗಡಿಯ ನೂರಕ್ಕೆ ಎರಡು ರೂಪಾಯಿ ಬಡ್ಡಿನೇ, ಅಲ್ವಾ? ಉಪಕರ (ಕರದ ಮೇಲೆ ಸೇರಿಸೋ ಸೆಸ್) ಬಿಟ್ಟು ಬರೀ ಕರ 12,000 ಅಂತ ಇಟ್ಟುಕೊಳ್ಳಿ. ಏಪ್ರಿಲ್‌ನಲ್ಲಿ 11,400ಕ್ಕೆ ಮುಗಿಯುತ್ತಿತ್ತು. ಮಾರ್ಚ್ ಕೊನೆಗೆ 14,160. ನಿಮ್ಮ ಮೊದಲ ವರ್ಷದ ಬಾಕಿ ಈಗ ಹೆಚ್ಚುಕಮ್ಮಿ ಡಬಲ್ ಆಗಿರುತ್ತೆ. ದಂಡ ಮನ್ನಾ ಆಗುತ್ತೆ ಅಂತ ಸುಮ್ನೆ ಕಾಯಬೇಡಿ.

ಇನ್ನೊಂದು ಪೆಟ್ಟು ಕಾಗದದ್ದು. ಕರ ಬಾಕಿ ಇದ್ದರೆ ಇ-ಖಾತಾ (ಆಸ್ತಿ ಯಾರ ಹೆಸರಲ್ಲಿದೆ ಅಂತ ಹೇಳೋ ಕಂಪ್ಯೂಟರ್ ದಾಖಲೆ) ಕೈಗೆ ಸಿಗಲ್ಲ, ಇ-ಖಾತಾ ಇಲ್ಲದೆ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಮಾರಾಟ ನೋಂದಣಿ ಆಗಲ್ಲ. ಟ್ರೇಡ್ ಲೈಸೆನ್ಸ್, ಬ್ಯಾಂಕಿನ ಓಡಿ (ಓವರ್‌ಡ್ರಾಫ್ಟ್ ಸಾಲ), ಎಲ್ಲಿ ಹೋದರೂ ಈ ವರ್ಷದ ರಸೀದಿ ಕೇಳುತ್ತಾರೆ. ಅಂದಹಾಗೆ ನಿಮ್ಮ ತಮ್ಮ ನಗರಸಭೆ ಚುನಾವಣೆಗೆ ವಾರ್ಡಿನಿಂದ ನಿಲ್ತಾನೆ ಅಂತಿದ್ದಿರಲ್ಲ, ಗೋದಾಮು ಅವನ ಹೆಸರಲ್ಲಿದ್ದರೆ ನಾಮಪತ್ರಕ್ಕೂ ಈ ಬಾಕಿ ಅಡ್ಡ ಬರಬಹುದು.

ನಮ್ಮ ಮನೆ ಕಥೆ ಬೇರೆ. ಅಪ್ಪ ಕರ ಕಟ್ಟಿದ್ದರು. ರಸೀದಿಗಳನ್ನು ತಗಡಿನ ಟ್ರಂಕ್‌ನಲ್ಲಿ ಭತ್ತದ ಚೀಟಿಗಳ ಜೊತೆ ಇಟ್ಟಿದ್ದರು. ತೆಗೆದಾಗ ಎರಡು ವರ್ಷದ ರಸೀದಿ ಗೆದ್ದಲು ತಿಂದು ಜರಡಿ ಆಗಿತ್ತು, ನಂಬರ್ ಓದಲಿಕ್ಕೇ ಆಗಲಿಲ್ಲ. ಕಚೇರಿ ಕಂಪ್ಯೂಟರ್‌ನಲ್ಲಿ ಆ ಎರಡೂ ವರ್ಷ ಬಾಕಿ. ಕೊನೆಗೆ ಅಪ್ಪನ ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಚೆಕ್ ನಂಬರ್ ಸಿಕ್ಕಿತು, ಬಚಾವಾದೆವು. ಅದಕ್ಕೇ ಈಗ ರಸೀದಿ ಬಂದ ಕೂಡಲೇ ಮೊಬೈಲ್‌ನಲ್ಲಿ ಫೋಟೋ ತೆಗೆದುಬಿಡ್ತೀನಿ.

ನೀವು ಮೊದಲು ನಗರಸಭೆಯಲ್ಲಿ ಪಿಐಡಿ ನಂಬರ್ (ಆಸ್ತಿಯ ಗುರುತಿನ ಸಂಖ್ಯೆ) ಹೇಳಿ ವರ್ಷವಾರು ಬಾಕಿ ಪಟ್ಟಿ ತೆಗೆಸಿ. ಅಳತೆ ಸರಿ ಇದೆಯಾ ನೋಡಿ, ಎಷ್ಟೋ ಕಡೆ ಖಾಲಿ ಅಂಗಳವನ್ನೂ ಕಟ್ಟಡ ಅಂತ ಬರೆದಿರುತ್ತಾರೆ. ತಪ್ಪಿದ್ದರೆ ಅರ್ಜಿ ಕೊಟ್ಟು ಸೀಲ್ ಹಾಕಿದ ಪ್ರತಿ ಇಸ್ಕೊಳ್ಳಿ. ಬಾಯಿಮಾತಲ್ಲಿ ಹೇಳಿ ಬರಬೇಡಿ. ಗೋದಾಮು ಊರಾಚೆ ಪಂಚಾಯಿತಿ ಹದ್ದಿನಲ್ಲಿದ್ದರೆ ನಗರಸಭೆಗೆ ಅಲೆಯಬೇಡಿ, ಕರ ಕಟ್ಟೋದು, ಇ-ಸ್ವತ್ತು (ಪಂಚಾಯಿತಿ ಆಸ್ತಿಯ ಇ-ಖಾತಾ) ತೆಗೆಸೋದು ಎರಡೂ ಪಂಚಾಯಿತಿಯಲ್ಲೇ.