ಚೀನಾದ ಗಂಟಲು ಮಾತ್ರೆಯಿಂದ ಬಾಯಿ ರುಚಿ ಹೋಗಿದ್ದರೆ

ಗ್ವಾಂಗ್‌ಝೌನಲ್ಲಿ ಗಂಟಲು ನೋವಿಗೆ ಕೊಂಡ ಚುವಾನ್ ಶಿನ್ ಲಿಯಾನ್ ಮಾತ್ರೆ ನಾಲ್ಕು ದಿನ ತಿಂದ ಮೇಲೆ ರುಚಿಯೇ ಗೊತ್ತಾಗ್ತಿಲ್ಲ ಅಂದರೆ, ಕಾರಣ ಬಹುಶಃ ಆ ಮಾತ್ರೆಯೇ. ಅದು ಬೇರೇನಲ್ಲ, ನಮ್ಮ ನೆಲಬೇವು. ರುಚಿ ಕೆಡುವುದು, ಅಪರೂಪಕ್ಕೆ ಜೋರು ಅಲರ್ಜಿ ಆಗುವುದು, ಎರಡರ ಬಗ್ಗೆಯೂ ಆಸ್ಟ್ರೇಲಿಯಾದ ಔಷಧ ನಿಯಂತ್ರಕರು ಎಚ್ಚರಿಸಿದ್ದಾರೆ. ಆದರೆ ಕೋವಿಡ್‌ನಲ್ಲೂ ಹೀಗಾಗುತ್ತದೆ, ಹಾಗಾಗಿ ಖಚಿತವಾಗಿ ಹೇಳಲಾರೆ.

ಮೊದಲು ಮಾತ್ರೆ ನಿಲ್ಲಿಸಿ, ಪ್ಯಾಕೆಟ್ ಎಸೆಯಬೇಡಿ. ಇವತ್ತೇ ಕೋವಿಡ್ ಟೆಸ್ಟ್ ಮಾಡಿಕೊಳ್ಳಿ. ನನಗೆ ಹೀಗಾದಾಗ ಮಾತ್ರೆ ಬಿಟ್ಟ ಮೇಲೆ ರುಚಿ ನಿಧಾನವಾಗಿ ವಾಪಸ್ ಬಂತು.

ಈ ಮಾತ್ರೆ ಆಂಟಿಬಯೋಟಿಕ್ ಬದಲಿಗೆ ಆಗುತ್ತಾ ಅಂದರೆ, ಆಗೋದಿಲ್ಲ. ಪ್ರಯೋಗಗಳಲ್ಲಿ ಕೆಮ್ಮು, ಗಂಟಲು ನೋವು ಸ್ವಲ್ಪ ಬೇಗ ಇಳಿದದ್ದು ಕಂಡಿದೆ ನಿಜ, ಆದರೆ ಅವುಗಳಲ್ಲಿ ಎಷ್ಟೋ ಸರಿಯಾಗಿ ಮಾಡಿದವಲ್ಲ. ಜ್ವರ ಇಳಿಯದಿದ್ದರೆ, ನುಂಗಲು ಆಗದಿದ್ದರೆ ಪ್ಯಾಕೆಟ್ ಹಿಡಿದುಕೊಂಡು ಡಾಕ್ಟರ ಹತ್ತಿರ ಹೋಗಿ. ತುಟಿ ಊದಿದರೆ ಅಥವಾ ಉಸಿರು ಕಟ್ಟಿದರೆ ಕಾಯಬೇಡಿ, ಚೀನಾದ ಆಂಬುಲೆನ್ಸ್ ನಂಬರ್ 120ಕ್ಕೆ ಫೋನ್ ಮಾಡಿ.